ತೊರೆಯಾಚೆಯ ಮೂರು ಮನೆಗಳು

ಬಂಗಾರಪೇಟೆಯಲ್ಲಿ ಮುಖ್ಯ ರೈಲುಮಾರ್ಗವನ್ನು ಬಿಟ್ಟು ಮಾರಿಕುಪ್ಪಂ ಕಡೆಗೆ ಹೊರಳುವ ಪುಟ್ಟ ಕವಲುದಾರಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳಲ್ಲಿಯೇ ಹಳೆಯ ಚಿನ್ನದ ಗಣಿಗಳ ನೆನಪು ಉಳಿದಿದೆ. ಬಂಗಾರಪೇಟೆಗೂ ಮೊದಲಿದ್ದ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರನ್ನು ಆ ಊರು ಬಹುಕಾಲ ಹೊತ್ತಿತ್ತು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್ ಮುಂತಾದ ಹೆಸರುಗಳು ಇಂದಿಗೂ ಬದಲಾಗಿಲ್ಲ. ಆಳಿದವರ ಹೆಸರು ಊರಿಗೆ ಉಳಿಯಿತು. ಅಗೆದವರ ಹೆಸರು ಎಲ್ಲಿ ಉಳಿಯಿತು? ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಮತ್ತೆ ಎಬ್ಬಿಸಿದ್ದು ಇತಿಹಾಸದ ಗ್ರಂಥವಲ್ಲ, ಒಂದು ಹಳೆಯ ಜಪಾನೀ ಚಲನಚಿತ್ರ.

ಚಿನ್ನದ ಗಣಿ ಪ್ರದೇಶದ ಒಂದು ಧರ್ಮಕೇಂದ್ರದ ಸಭಾಂಗಣದಲ್ಲಿ, ಭಾನುವಾರದ ಒಂದು ಸಂಜೆ, ಗೋಡೆಗೆ ಬಿಳಿಯ ಬಟ್ಟೆಯನ್ನು ಕಟ್ಟಿ ನಾವು ಆ ಚಿತ್ರವನ್ನು ನೋಡಿದೆವು. ಅಕಿರ ಕುರೊಸಾವ ನಿರ್ದೇಶಿಸಿದ ‘ಸೆವೆನ್ ಸಮುರಾಯ್’, ಅಂದರೆ ಏಳು ಮಂದಿ ಸಮುರಾಯ್ ಯೋಧರ ಕಥೆ. ಅದು ಕಪ್ಪು ಬಿಳುಪಿನ ಚಿತ್ರ. ಅವಧಿ 207 ನಿಮಿಷ. ಮಾತು ಜಪಾನಿ ಭಾಷೆಯದು, ಕೆಳಗೆ ಇಂಗ್ಲಿಷ್ ಅಕ್ಷರಗಳು. ಬಂದಿದ್ದವರಲ್ಲಿ ಹೆಚ್ಚಿನವರು ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಮಾತನಾಡಿ, ಬೀದಿಯಲ್ಲಿ ಕನ್ನಡವನ್ನೂ ಬಳಸುವವರು. ಅರ್ಧ ಗಂಟೆಯಲ್ಲಿ ಸಭಾಂಗಣ ಬರಿದಾಗುವುದೆಂದು ನಾನು ಅಂಜಿದ್ದೆ. ಹಾಗಾಗಲಿಲ್ಲ. ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಕೊನೆಯವರೆಗೂ ಕದಲದೆ ಕುಳಿತರು. ಏಕೆ ಕುಳಿತರೆಂಬುದನ್ನು ಯೋಚಿಸುತ್ತಾ ಈ ಬರಹವನ್ನು ಬರೆಯುತ್ತಿದ್ದೇನೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುವೆ. ಬೆಟ್ಟಗಳ ನಡುವೆ ಒಂದು ಬಡ ರೈತರ ಹಳ್ಳಿ. ಬೆಳೆ ಕೊಯ್ಲಿಗೆ ಬಂದೊಡನೆ ದಾಳಿಯಿಡಲು ನಲವತ್ತು ಮಂದಿ ದರೋಡೆಕೋರರು ಹೊಂಚುಹಾಕಿದ್ದಾರೆ. ಹಳ್ಳಿಯ ಹಿರಿಯನೊಬ್ಬ, ಹಸಿದ ಸಮುರಾಯ್‌ಗಳನ್ನು ಹುಡುಕಿ ಕರೆತನ್ನಿ ಎಂದು ಸಲಹೆ ನೀಡುತ್ತಾನೆ. ಅವರಿಗೆ ಕೊಡಲು ರೈತರ ಬಳಿ ಹಣವಿಲ್ಲ. ಕೊಡಬಹುದಾದುದು ಮೂರು ಹೊತ್ತಿನ ಅನ್ನ ಮಾತ್ರ. ಆ ಅನ್ನವನ್ನು ಅತಿಥಿಗಳಿಗೆ ಬಡಿಸಿ, ತಾವು ನಮ್ಮ ಕಡೆಯ ಊದಲಿನಂಥ ಕಿರುಧಾನ್ಯವನ್ನು ಬೇಯಿಸಿಕೊಂಡು ತಿನ್ನುತ್ತಾರೆ. ಕೋಲಾರದ ಸೀಮೆಯಲ್ಲಿ ಹಬ್ಬಕ್ಕೆ ಮಾತ್ರ ಅನ್ನ, ಉಳಿದ ದಿನಗಳಲ್ಲಿ ರಾಗಿ ಮುದ್ದೆ ಎಂಬ ಕಾಲವನ್ನು ಕಂಡ ಅಜ್ಜಿಯರಿಗೆ ಈ ದೃಶ್ಯಕ್ಕೆ ವಿವರಣೆ ಬೇಕಾಗಲಿಲ್ಲ.

ಯಜಮಾನನನ್ನು ಕಳೆದುಕೊಂಡು ಅಲೆಯುವ ಸಮುರಾಯ್‌ಗೆ ಜಪಾನಿನಲ್ಲಿ ‘ರೋನಿನ್’ ಎಂದು ಹೆಸರು. ಅಂಥವರಲ್ಲಿ ರೈತರ ಮಾತಿಗೆ ಮೊದಲು ಒಪ್ಪುವವನು ಕಂಬೆಯಿ ಎಂಬ ವಯಸ್ಸಾದ ಯೋಧ. ಒಬ್ಬ ಕಳ್ಳನು ಮಗುವೊಂದನ್ನು ಹಿಡಿದುಕೊಂಡು ಗುಡಿಸಲಿನಲ್ಲಿ ಅಡಗಿರುವಾಗ ಕಂಬೆಯಿ ತನ್ನ ಜುಟ್ಟನ್ನು ಕತ್ತರಿಸಿ, ತಲೆ ಬೋಳಿಸಿಕೊಂಡು, ಸನ್ಯಾಸಿಯೊಬ್ಬನ ಉಡುಪನ್ನು ಧರಿಸಿ, ಕೈಯಲ್ಲಿ ಎರಡು ಅನ್ನದುಂಡೆಗಳನ್ನು ಹಿಡಿದು ಒಳಹೊಕ್ಕು ಮಗುವನ್ನು ಉಳಿಸುತ್ತಾನೆ. ಸಮುರಾಯ್‌ಗೆ ಜುಟ್ಟೆಂದರೆ ಕುಲದ ಗೌರವ. ಅಪರಿಚಿತ ಮಗುವಿಗಾಗಿ ಅದನ್ನು ಕತ್ತರಿಸಿಹಾಕುವವನು ತನ್ನ ದೊಡ್ಡಸ್ತಿಕೆಯನ್ನು ಮೊದಲೇ ಬಿಟ್ಟುಕೊಟ್ಟವನು. ಗುರುದೀಕ್ಷೆ ಪಡೆದ ನಮ್ಮಂಥವರಿಗೆ ಈ ದೃಶ್ಯ ಒಂದು ಆತ್ಮಪರಿಶೋಧನೆಯೇ ಸರಿ. ನಾವು ಧರಿಸಿದ ನಿಲುವಂಗಿ ಮಗುವನ್ನು ಉಳಿಸಲು ಧರಿಸಿದ್ದೋ, ಮರ್ಯಾದೆಯನ್ನು ಗಳಿಸಲು ಧರಿಸಿದ್ದೋ?

ಈಗ ಇತಿಹಾಸಕ್ಕೆ ಬರೋಣ. ಚಿತ್ರದ ಕಥೆ ಯಾವ ವರ್ಷದ್ದೆಂಬುದಕ್ಕೆ ಚಿತ್ರದಲ್ಲಿಯೇ ಒಂದು ತಮಾಷೆಯ ಸುಳಿವಿದೆ. ಕಿಕುಚಿಯೊ ಎಂಬ ಒರಟು ಮನುಷ್ಯ, ತಾನೂ ಸಮುರಾಯ್ ಎಂದು ತೋರಿಸಲು ಒಂದು ವಂಶಾವಳಿಯ ಪತ್ರವನ್ನು ಹಿಡಿದು ತರುತ್ತಾನೆ. ಆ ಪತ್ರದ ಪ್ರಕಾರ ಅವನ ವಯಸ್ಸು ಕೇವಲ ಹದಿಮೂರು! ಪತ್ರ ಕದ್ದದ್ದೆಂದು ತಿಳಿದು ಎಲ್ಲರೂ ನಗುತ್ತಾರೆ. ಅದರಲ್ಲಿ ನಮೂದಾದ ಜನ್ಮವರ್ಷ 1574ಕ್ಕೆ ಸರಿಹೊಂದುವುದರಿಂದ ಕಥೆಯ ಕಾಲ ಸುಮಾರು 1586 ಎಂದಾಗುತ್ತದೆ. ನೂರು ವರ್ಷಕ್ಕೂ ಮಿಕ್ಕಿ ನಡೆದ ಅಂತರ್ಯುದ್ಧಗಳ ಕೊನೆಯ ದಿನಗಳವು. ಸೋತ ಪಾಳೆಯಗಾರರ ಯೋಧರು ಬೀದಿಪಾಲಾಗಿದ್ದರು. ಅವರಲ್ಲಿ ಕೆಲವರು ದರೋಡೆಗೆ ಇಳಿದರು, ಕೆಲವರು ಹೊಟ್ಟೆಪಾಡಿಗೆ ಅಲೆದರು.

ಈ 1586 ಎಂಬ ವರ್ಷ ಧರ್ಮಸಭೆಯ ಚರಿತ್ರೆಯಲ್ಲಿಯೂ ಒಂದು ಹೊಸ್ತಿಲು. 1543ರಲ್ಲಿ ತಾನೆಗಶಿಮ ದ್ವೀಪಕ್ಕೆ ಬಂದ ಪೋರ್ಚುಗೀಸರ ಮೂಲಕ ಬಂದೂಕು ಜಪಾನನ್ನು ಪ್ರವೇಶಿಸಿತು. ಆರು ವರ್ಷಗಳ ತರುವಾಯ, 1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಗೋವೆಯಿಂದ ಹೊರಟಿದ್ದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಾಗೊಶಿಮಾದಲ್ಲಿ ಕಾಲಿಟ್ಟರು. ಒಂದೇ ಕಡಲ ಹಾದಿಯಲ್ಲಿ ಬಂದೂಕೂ ಬಂತು, ಶುಭಸಂದೇಶವೂ ಬಂತು. ಕುರೊಸಾವ ಅವರ ಚಿತ್ರದಲ್ಲಿ ಮಡಿಯುವ ನಾಲ್ವರು ಸಮುರಾಯ್‌ಗಳಲ್ಲಿ ಒಬ್ಬನೂ ಕತ್ತಿಯಿಂದ ಸಾಯುವುದಿಲ್ಲ. ನಾಲ್ವರನ್ನೂ ಕೊಲ್ಲುವುದು ದರೋಡೆಕೋರರ ಬಳಿಯಿರುವ ಬಂದೂಕುಗಳು. ಜೀವಮಾನವಿಡೀ ಕತ್ತಿವರಸೆಯನ್ನು ಸಾಧಿಸಿದ ಕ್ಯೂಜೊ ಎಂಬ ಮಿತಭಾಷಿ, ಮರೆಯಲ್ಲಿ ನಿಂತು ಹಾರಿಸಿದ ಒಂದು ಗುಂಡಿಗೆ ಕೆಸರಿನಲ್ಲಿ ಉರುಳುತ್ತಾನೆ. ದೂರದಿಂದ ಬರುವ ವಸ್ತುಗಳಲ್ಲಿ ಯಾವುದನ್ನು ಜನ ಮೊದಲು ಕೈಗೆತ್ತಿಕೊಳ್ಳುತ್ತಾರೆ ಎಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಆ ಕಾಲದಲ್ಲಿ ಜಪಾನಿನ ಆಡಳಿತ ತೊಯೊತೊಮಿ ಹಿದೆಯೋಷಿ ಎಂಬವನ ಕೈಯಲ್ಲಿತ್ತು. ಕೆಳಸ್ತರದಲ್ಲಿ ಹುಟ್ಟಿ ಯುದ್ಧಸಾಮರ್ಥ್ಯದಿಂದ ಮೇಲೇರಿದವನು ಅವನು. 1587ರಲ್ಲಿ ಕ್ರೈಸ್ತ ಗುರುಗಳು ದೇಶವನ್ನು ಬಿಟ್ಟು ಹೋಗಬೇಕೆಂದು ಆಜ್ಞೆ ಹೊರಡಿಸಿದ. 1588ರಲ್ಲಿ ರೈತರ ಮನೆಗಳಲ್ಲಿದ್ದ ಕತ್ತಿ, ಈಟಿ, ಬಂದೂಕುಗಳನ್ನೆಲ್ಲ ವಶಪಡಿಸಿಕೊಳ್ಳುವ ಆಜ್ಞೆಯಾಯಿತು. 1591ರಲ್ಲಿ ಯೋಧನು ರೈತನಾಗುವುದನ್ನೂ ರೈತನು ವ್ಯಾಪಾರಿಯಾಗುವುದನ್ನೂ ತಡೆಯುವ ನಿಯಮ ಬಂತು. ತಾನು ಯಾವ ಬಾಗಿಲಿನಿಂದ ಮೇಲೇರಿ ಬಂದನೋ ಅದೇ ಬಾಗಿಲನ್ನು ಹಿಂದಿನವರಿಗೆ ಮುಚ್ಚಿದ. ಚಿತ್ರದ ಕಿಕುಚಿಯೊ ನಿಜದಲ್ಲಿ ರೈತನ ಮಗ. ಸಮುರಾಯ್ ಆಗಬೇಕೆಂಬುದು ಅವನ ಹಂಬಲ. ಆ ಹಂಬಲಕ್ಕೆ ಅವಕಾಶವಿದ್ದ ಕೊನೆಯ ಗಳಿಗೆಯಲ್ಲಿ ಕಥೆಯನ್ನು ನಿಲ್ಲಿಸಿರುವುದು ಕುರೊಸಾವ ಅವರ ಇತಿಹಾಸಪ್ರಜ್ಞೆಗೆ ಸಾಕ್ಷಿ.

ಅದೇ ದಿನಗಳಲ್ಲಿ, ಚಿತ್ರದಲ್ಲಿ ಕಾಣಿಸದ ಒಬ್ಬ ನಿಜವಾದ ಸಮುರಾಯ್ ಇದ್ದರು. ಅವರ ಹೆಸರು ತಾಕಯಾಮ ಉಕೊನ್. ಬಾಲ್ಯದಲ್ಲಿಯೇ ದೀಕ್ಷಾಸ್ನಾನ ಪಡೆದು ಯುಸ್ತೊ, ಅಂದರೆ ನೀತಿವಂತ ಎಂಬ ಹೆಸರನ್ನು ಹೊತ್ತ ಅವರು ಅಕಾಶಿ ಪ್ರಾಂತ್ಯದ ಒಡೆಯರಾಗಿದ್ದರು. 1587ರಲ್ಲಿ ವಿಶ್ವಾಸವನ್ನು ಬಿಡಬೇಕು, ಇಲ್ಲವೇ ಪ್ರಾಂತ್ಯವನ್ನು ಬಿಡಬೇಕು ಎಂಬ ಆಯ್ಕೆ ಎದುರಾದಾಗ ಅವರು ಪ್ರಾಂತ್ಯವನ್ನೂ ಪದವಿಯನ್ನೂ ಬಿಟ್ಟರು. ಒಡೆಯನಾಗಿದ್ದವರು ರೋನಿನ್ ಆದರು. ಮುಂದೆ 1614ರಲ್ಲಿ ಅವರನ್ನು ದೇಶದಿಂದಲೇ ಗಡೀಪಾರು ಮಾಡಲಾಯಿತು. ಮರುವರ್ಷ ಫೆಬ್ರವರಿಯಲ್ಲಿ ಮನಿಲಾದಲ್ಲಿ ಅವರು ಕಾಲವಾದರು. 2017ರ ಫೆಬ್ರವರಿ 7ರಂದು ಒಸಾಕಾದಲ್ಲಿ ಧರ್ಮಸಭೆಯು ಅವರನ್ನು ಧನ್ಯರ ಪಂಕ್ತಿಗೆ ಸೇರಿಸಿತು. ಹಿದೆಯೋಷಿಯ ಆಳ್ವಿಕೆಯಲ್ಲಿಯೇ 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ ಇಪ್ಪತ್ತಾರು ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬರು ಸಮುರಾಯ್ ಮನೆತನದ ಸಂತ ಪೌಲ್ ಮಿಕಿ. ಮತ್ತೊಬ್ಬರು ನಮ್ಮ ದೇಶದ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ. ಶಿಲುಬೆಯ ಮೇಲಿಂದಲೇ ಪೌಲ್ ಮಿಕಿ ತಮ್ಮನ್ನು ಕೊಲ್ಲಿಸಿದವರನ್ನು ಕ್ಷಮಿಸಿದರು. ಕತ್ತಿಯನ್ನು ಹಿಡಿಯುವ ಕುಲದಲ್ಲಿ ಹುಟ್ಟಿ ಕತ್ತಿಯಿಲ್ಲದೆ ಗೆದ್ದವರ ಈ ಕಥೆಯನ್ನು ಯಾವ ಕುರೊಸಾವ ಚಿತ್ರಿಸಬೇಕು?

ಚಿತ್ರ ತಯಾರಾದ ಕಾಲವೂ ಗಮನಾರ್ಹವಾದುದು. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನಲ್ಲಿ ಅಮೆರಿಕದ ಸೈನ್ಯಾಡಳಿತ 1952ರವರೆಗೆ ಇತ್ತು. ಸಮುರಾಯ್ ಕಥೆಗಳು ಯುದ್ಧದ ಹುಚ್ಚನ್ನು ಕೆರಳಿಸುತ್ತವೆಂದು ಅಂಥ ಚಿತ್ರಗಳಿಗೆ ಆಗ ಕಡಿವಾಣ ಹಾಕಲಾಗಿತ್ತು. ಆ ಕಡಿವಾಣ ಸಡಿಲವಾದ ಮೇಲೆ ಕುರೊಸಾವ, ಶಿನೊಬು ಹಶಿಮೊತೊ ಮತ್ತು ಹಿದೆಯೊ ಒಗುನಿ ಮೂವರೂ ಒಂದು ವಸತಿಗೃಹದಲ್ಲಿ ಕುಳಿತು ಈ ಕಥೆಯನ್ನು ಬರೆದರು. ಚಿತ್ರ ತೆರೆಕಂಡದ್ದು 1954ರ ಏಪ್ರಿಲ್ 26ರಂದು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಬೆಳ್ಳಿಸಿಂಹ ಪುರಸ್ಕಾರ ಲಭಿಸಿತು. ಸ್ವತಃ ಸಮುರಾಯ್ ವಂಶದವರಾದ ಕುರೊಸಾವ ಯೋಧರನ್ನು ಹೊಗಳುವ ಚಿತ್ರವನ್ನು ಮಾಡಬಹುದಾಗಿತ್ತು. ಆದರೆ ಕಥೆಯ ನಡುವೆ ಕಿಕುಚಿಯೊನ ಬಾಯಲ್ಲಿ ಬೇರೆಯದೇ ಮಾತನ್ನು ಆಡಿಸಿದರು. ಸತ್ತ ಯೋಧರಿಂದ ರೈತರು ಕದ್ದು ಬಚ್ಚಿಟ್ಟಿದ್ದ ಕವಚಗಳು ಪತ್ತೆಯಾದಾಗ ಸಮುರಾಯ್‌ಗಳು ಕೋಪಗೊಳ್ಳುತ್ತಾರೆ. ಆಗ ಕಿಕುಚಿಯೊ ಸಿಡಿದೇಳುತ್ತಾನೆ. ರೈತರು ಕಪಟಿಗಳು, ಜಿಪುಣರು, ಹೇಡಿಗಳು ಎಲ್ಲವೂ ನಿಜ. ಆದರೆ ಅವರನ್ನು ಹಾಗೆ ಮಾಡಿದವರು ಅವರ ಹಳ್ಳಿಗಳನ್ನು ಸುಟ್ಟು ಬೆಳೆಗಳನ್ನು ಕಿತ್ತುಕೊಂಡ ನೀವೇ ಅಲ್ಲವೇ ಎಂಬುದು ಅವನ ಆರೋಪದ ತಿರುಳು. ಸಮುರಾಯ್‌ಗಳು ತಲೆತಗ್ಗಿಸುತ್ತಾರೆ. ಬಡವನ ದೋಷವನ್ನು ಎಣಿಸುವ ಮುನ್ನ ಆ ದೋಷದ ಬೇರನ್ನು ಹುಡುಕಬೇಕೆಂಬ ಈ ಪಾಠ ಎಲ್ಲ ಕಾಲಕ್ಕೂ ಸಲ್ಲುತ್ತದೆ.

ಇಲ್ಲಿ ಒಂದು ಪುಟ್ಟ ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕು. ಚಿತ್ರೀಕರಣಕ್ಕೆ ಮುನ್ನ ಕುರೊಸಾವ ಆ ಕಲ್ಪಿತ ಹಳ್ಳಿಯ 101 ನಿವಾಸಿಗಳ ದಾಖಲೆಯೊಂದನ್ನು ಸಿದ್ಧಪಡಿಸಿದರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಕುಟುಂಬಗಳ ಪ್ರಕಾರ ಬರೆದು, ಗುಂಪಿನಲ್ಲಿ ನಿಲ್ಲುವ ಸಣ್ಣ ನಟರಿಗೂ ಒಂದೊಂದು ಮನೆತನವನ್ನು ಕೊಟ್ಟರು. ಆದ್ದರಿಂದಲೇ ಆ ಚಿತ್ರದಲ್ಲಿ ‘ಜನರ ಗುಂಪು’ ಎಂಬುದಿಲ್ಲ. ಪ್ರತಿಯೊಂದು ಮುಖಕ್ಕೂ ಒಂದು ಮನೆ ಇದೆ. ಧರ್ಮಕೇಂದ್ರವೊಂದರ ಕುಟುಂಬಗಳ ದಾಖಲೆಯನ್ನು ಬರೆದಿಟ್ಟವರಿಗೆ ಈ ಕೆಲಸದ ಬೆಲೆ ಗೊತ್ತು. ಉತ್ತಮ ಕುರಿಗಾಹಿಯು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ.

ಈ ಕಥೆ ಜಪಾನಿನಲ್ಲಿಯೇ ನಿಲ್ಲಲಿಲ್ಲ. 1960ರಲ್ಲಿ ಅಮೆರಿಕದಲ್ಲಿ ಅದು ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆಯಿತು. ಸಮುರಾಯ್‌ಗಳ ಜಾಗಕ್ಕೆ ಕುದುರೆ ಏರಿದ ಬಂದೂಕುಗಾರರು ಬಂದರು. ಅಲ್ಲಿಂದ ಅದು ನಮ್ಮ ಅಂಗಳಕ್ಕೇ ಬಂತು. 1973ರಲ್ಲಿ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಚಿತ್ರಕ್ಕಾಗಿ ರಾಮಗಢವೆಂಬ ಹಳ್ಳಿಯನ್ನು ಕಟ್ಟಲಾಯಿತು. 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರದಲ್ಲಿ ಏಳು ಮಂದಿ ಇಬ್ಬರಾದರು. ಕರೆದವರು ರೈತರಲ್ಲ, ಊರಿನ ಠಾಕೂರ. ಕೂಲಿ ಅನ್ನವಲ್ಲ, ಹಣ. ಬಳಿಕ ನಮ್ಮ ಮಹಾಧರ್ಮಕ್ಷೇತ್ರದ ಇನ್ನೊಂದು ತುದಿಯಲ್ಲಿ, ಕೋಲಾರದ ಸೈನೈಡ್ ದಿಬ್ಬಗಳ ಮೇಲೆ, ‘ಕೆಜಿಎಫ್’ ಚಿತ್ರ ತಯಾರಾಯಿತು. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗವೂ 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗವೂ ಬಂದು, ನಮ್ಮ ಪುಟ್ಟ ಊರಿನ ಮೂರಕ್ಷರದ ಹೆಸರು ಲೋಕವಿಖ್ಯಾತವಾಯಿತು. ಅಲ್ಲಿ ಏಳು ಮಂದಿ ಒಬ್ಬನೇ ಆದ. ನರಾಚಿ ಎಂಬ ಕಲ್ಪಿತ ಗಣಿಯಲ್ಲಿ ಗುಲಾಮರಂತೆ ನರಳುವ ಸಾವಿರಾರು ಜನರನ್ನು ಒಬ್ಬ ವೀರ ಬಂದು ಬಿಡಿಸುತ್ತಾನೆ.

ಆ ಚಿತ್ರಗಳನ್ನು ನೋಡಿ ಸಂತೋಷಪಟ್ಟ ಯುವಕರನ್ನು ನಾನು ಹಳಿಯುವುದಿಲ್ಲ. ಊರಿನ ಹೆಸರು ಪರದೆಯ ಮೇಲೆ ಮೂಡಿದಾಗ ಯಾರಿಗೆ ಹೆಮ್ಮೆಯಾಗದು? ಆದರೆ ಏಳು ಎರಡಾಗಿ, ಎರಡು ಒಂದಾಗುತ್ತಾ ಬಂದ ಹಾಗೆ ಹಳ್ಳಿಯ ಜನರ ಹೆಸರುಗಳೂ ಅಳಿಸುತ್ತಾ ಬಂದವು ಎಂಬುದನ್ನು ಗಮನಿಸಿ. ವೀರನು ದೊಡ್ಡವನಾದಷ್ಟೂ ಜನ ಸಣ್ಣವರಾಗುತ್ತಾರೆ. ಕುರೊಸಾವ ಅವರ ಹಳ್ಳಿಯಲ್ಲಿ ರೈತರೇ ಬಿದಿರಿನ ಈಟಿ ಹಿಡಿದು ಸಾಲುಗಟ್ಟಿ ನಿಲ್ಲುತ್ತಾರೆ. ಕಾದಾಟ ಮುಗಿದ ಮೇಲೆ ಅವರು ಹಾಡುತ್ತಾ ನಾಟಿ ಮಾಡುವಾಗ, ಉಳಿದ ಮೂವರು ಸಮುರಾಯ್‌ಗಳು ಸತ್ತವರ ದಿಬ್ಬಗಳ ಕೆಳಗೆ ನಿಂತು, ಗೆಲುವು ತಮ್ಮದಲ್ಲ, ಈ ರೈತರದು ಎಂದು ಒಪ್ಪಿಕೊಳ್ಳುತ್ತಾರೆ.

ನಿಜವಾದ ಚಿನ್ನದ ಗಣಿಯ ಚರಿತ್ರೆ ಏನು ಹೇಳುತ್ತದೆ? 1870ರ ದಶಕದಲ್ಲಿ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ ಇಲ್ಲಿ ಚಿನ್ನ ಹುಡುಕಲು ಪರವಾನಗಿ ಪಡೆದ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದಲೂ ಇಟಲಿಯಿಂದಲೂ ನುರಿತ ಗಣಿಗಾರರು ಬಂದರು. ಆದರೆ ನೆಲದಾಳಕ್ಕೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಹಾಗೂ ಕೋಲಾರದ ಹಳ್ಳಿಗಳಿಂದ ಬಂದ ಭೂಹೀನರು. ಅವರಲ್ಲಿ ಹೆಚ್ಚಿನವರು ಊರಾಚೆಯ ಕೇರಿಗಳಿಂದ ಹೊರಟುಬಂದ ದಲಿತರು. 1902ರಲ್ಲಿ ಶಿವನಸಮುದ್ರದಿಂದ ತಂತಿಯ ಮೂಲಕ ವಿದ್ಯುತ್ತು ಗಣಿಯನ್ನು ತಲುಪಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು. ಆ ಆಳದಲ್ಲಿ ಬಂಡೆಯ ಒತ್ತಡ ಒಮ್ಮೆಗೇ ಸಿಡಿದು ಜೀವಗಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಉಳಿದವರ ಶ್ವಾಸಕೋಶಗಳಲ್ಲಿ ಕಲ್ಲಿನ ಧೂಳು ಮನೆಮಾಡಿತು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನ ಹೊರಬಂತು.

ಕಂಪನಿಯ ಲೆಕ್ಕದಲ್ಲಿ ಕಾರ್ಮಿಕನೆಂದರೆ ಒಂದು ಸಂಖ್ಯೆ. 1930ರಲ್ಲಿ ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚನ್ನು ಪಡೆದು ನೋಂದಾಯಿಸುವ ಹೊಸ ಕ್ರಮವನ್ನು ತಂದಾಗ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕಳ್ಳರ ಬೆರಳಚ್ಚನ್ನು ಪಡೆಯುವಂತೆ ತಮ್ಮ ಬೆರಳಚ್ಚನ್ನೂ ಪಡೆಯುವುದು ಮಾನಕ್ಕೆ ಕುಂದು ಎಂದು ಒಬ್ಬ ಬಡವನಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಅಲ್ಲಿ ಯಾವ ಒಂಟಿ ವೀರನೂ ಹೊರಗಿನಿಂದ ಬರಲಿಲ್ಲ. ಓದುಬರಹ ಬಾರದ ಸಾವಿರಾರು ಮಂದಿ ತಾವೇ ಸಾಲುಗಟ್ಟಿ ನಿಂತರು. ನಮ್ಮ ಊರಿನ ನಿಜವಾದ ‘ಕೆಜಿಎಫ್’ ಕಥೆ ಅದು. ಪರದೆಯ ಮೇಲೂ ಈಗ ಬೇರೆ ಬಗೆಯ ಯತ್ನಗಳು ನಡೆದಿವೆ. ಪಾ. ರಂಜಿತ್ ಅವರು 2024ರಲ್ಲಿ ತಮಿಳಿನಲ್ಲಿ ನಿರ್ದೇಶಿಸಿದ ‘ತಂಗಲಾನ್’, ಉತ್ತರ ಆರ್ಕಾಟಿನಿಂದ ಚಿನ್ನ ಅಗೆಯಲು ಬಂದ ಜನರನ್ನೇ ಕಥೆಯ ನಡುವೆ ನಿಲ್ಲಿಸಿತು.

ಕಂಪನಿಯ ಪುಸ್ತಕದಲ್ಲಿ ಸಂಖ್ಯೆಯಾದವನು ಇನ್ನೊಂದು ಪುಸ್ತಕದಲ್ಲಿ ಹೆಸರಾಗಿ ಉಳಿದಿದ್ದಾನೆ. ಅದು ನಮ್ಮ ದೇವಾಲಯಗಳ ದೀಕ್ಷಾಸ್ನಾನದ ಪುಸ್ತಕ. ತಂದೆಯ ಹೆಸರು, ತಾಯಿಯ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ಮಗುವಿನ ಹೆಸರು, ಕೆಳಗೆ ಗುರುಗಳ ಸಹಿ. ಅಂಥ ಹಳೆಯ ಪುಟಗಳನ್ನು ತಿರುವಿ ನೋಡಿದಾಗ ನನಗೆ ಕುರೊಸಾವ ಬರೆದ 101 ಮಂದಿಯ ದಾಖಲೆ ನೆನಪಾಗುತ್ತದೆ. ಹಾಗೆಂದು ನಾವು ಬೀಗಬೇಕಾಗಿಲ್ಲ. ಹೆಸರನ್ನು ಬರೆದುಕೊಂಡ ಮೇಲೆ ಆ ಮನೆಗೆ ಎಷ್ಟು ಬಾರಿ ಹೋದೆವು ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಪಾಲಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಅದಿರಿನಲ್ಲಿ ಚಿನ್ನದ ಅಂಶ ಕುಸಿದು ಖರ್ಚು ಏರಿದಾಗ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಬೆಳಗಿನ ಜಾವದ ರೈಲುಗಳಲ್ಲಿ ಸಾವಿರಾರು ಮಂದಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಬಾಳು ಆರಂಭವಾಯಿತು. ಒಂದು ಕಾಲದಲ್ಲಿ ನೆಲದಡಿಗೆ ಇಳಿಯುತ್ತಿದ್ದ ಪಾಳಿ ಈಗ ರೈಲು ಏರುತ್ತದೆ.

ಈಗ ಆ ಭಾನುವಾರದ ಸಂಜೆಗೆ ಮರಳುತ್ತೇನೆ. ಚಿತ್ರದಲ್ಲಿ ಒಂದು ಕಠಿಣ ಸನ್ನಿವೇಶವಿದೆ. ಹಳ್ಳಿಯ ಇಪ್ಪತ್ತು ಮನೆಗಳು ತೊರೆಯ ಈಚೆಗಿವೆ; ಮೂರು ಮನೆಗಳೂ ಹಿರಿಯನ ನೀರಗಿರಣಿಯೂ ಆಚೆಗಿವೆ. ಎಲ್ಲವನ್ನೂ ಕಾಯಲು ಸಾಧ್ಯವಿಲ್ಲವಾದ್ದರಿಂದ ಆ ಮೂರು ಮನೆಗಳನ್ನು ಬಿಟ್ಟುಕೊಡಬೇಕೆಂದು ಕಂಬೆಯಿ ತೀರ್ಮಾನಿಸುತ್ತಾನೆ. ಆ ಮನೆಗಳವರು ಈಟಿಗಳನ್ನು ಎಸೆದು, ತಮ್ಮ ಮನೆಯನ್ನು ತಾವೇ ಕಾಯುತ್ತೇವೆಂದು ಹೊರಡುತ್ತಾರೆ. ಕಂಬೆಯಿ ಕತ್ತಿ ಹಿರಿದು ಅವರನ್ನು ಹಿಂದಕ್ಕೆ ಅಟ್ಟುತ್ತಾನೆ. ಎಲ್ಲರನ್ನೂ ಉಳಿಸಿದರೆ ಮಾತ್ರ ಒಬ್ಬೊಬ್ಬನೂ ಉಳಿದಾನು, ತನ್ನನ್ನು ಮಾತ್ರ ನೆನೆಯುವವನು ತನ್ನನ್ನೂ ಕಳೆದುಕೊಳ್ಳುತ್ತಾನೆ ಎಂಬುದು ಅವನ ವಾದ. ಮಾತು ಸತ್ಯವಾದುದೇ. ನಾನು ಸೆಮಿನರಿಯ ದಿನಗಳಲ್ಲಿ ಮೊದಲ ಬಾರಿಗೆ ಈ ಚಿತ್ರವನ್ನು ನೋಡಿದಾಗ ಆ ಮಾತನ್ನೇ ಚಿತ್ರದ ಸಾರವೆಂದು ಗ್ರಹಿಸಿ, ಮುಂದೆ ಪ್ರಬೋಧನೆಗಳಲ್ಲಿಯೂ ಬಳಸಿದ್ದೆ. ಒಗ್ಗಟ್ಟಿನ ಬಗ್ಗೆ ಮಾತನಾಡಲು ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು ಎಂದುಕೊಂಡಿದ್ದೆ.

ಚಿತ್ರ ಮುಗಿದು ದೀಪಗಳು ಹೊತ್ತಿಕೊಂಡಾಗ, ಮೂವತ್ತು ವರ್ಷ ನೆಲದಡಿಯಲ್ಲಿ ದುಡಿದ ಹಿರಿಯರೊಬ್ಬರು ಎದ್ದು ನಿಂತು ತಮಿಳು ಬೆರೆತ ಕನ್ನಡದಲ್ಲಿ ಒಂದೇ ಒಂದು ಪ್ರಶ್ನೆಯನ್ನು ಕೇಳಿದರು: “ಫಾದರ್, ಆ ಮೂರು ಮನೆ ಸುಟ್ಟುಹೋಯ್ತಲ್ಲಾ, ಅದನ್ನ ಆಮೇಲೆ ಯಾರು ಕಟ್ಟಿಕೊಟ್ರು?”

ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರದಲ್ಲಿಯೂ ಉತ್ತರವಿಲ್ಲ. ದರೋಡೆಕೋರರು ಬಂದು ಆ ಮನೆಗಳಿಗೆ ಬೆಂಕಿ ಇಡುತ್ತಾರೆ, ಗಿರಣಿಯೂ ಉರಿಯುತ್ತದೆ, ಸಾಯುತ್ತಿರುವ ತಾಯಿಯ ಕೈಯಿಂದ ಮಗುವನ್ನು ಎತ್ತಿಕೊಂಡ ಕಿಕುಚಿಯೊ, ತನಗೂ ಹೀಗೆಯೇ ಆಗಿತ್ತೆಂದು ನೀರಿನಲ್ಲಿ ಕುಸಿದು ಅಳುತ್ತಾನೆ. ಆಮೇಲೆ ಕಥೆ ಯುದ್ಧದತ್ತ ಹೊರಳುತ್ತದೆ. ಅಷ್ಟು ಬಾರಿ ಆ ಚಿತ್ರವನ್ನು ನೋಡಿದ್ದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಏಕೆಂದರೆ ನಾನು ಯಾವಾಗಲೂ ತೊರೆಯ ಈಚೆ, ಇಪ್ಪತ್ತು ಮನೆಗಳ ಪಕ್ಕದಲ್ಲಿ ನಿಂತು ನೋಡಿದ್ದೆ. ಆ ಹಿರಿಯರು ಆಚೆಯಿಂದ ನೋಡಿದರು. ಲಾಭವಿಲ್ಲದ ಗಣಿಯನ್ನು ಮುಚ್ಚುವುದು ದೇಶದ ಲೆಕ್ಕಾಚಾರದಲ್ಲಿ ಸರಿಯಿರಬಹುದು. ಇಪ್ಪತ್ತಕ್ಕಾಗಿ ಮೂರನ್ನು ಬಿಡುವ ಲೆಕ್ಕವೇ ಅದು. ಆದರೆ ಬಿಟ್ಟುಕೊಟ್ಟ ಮೂರರ ಋಣ ಇಪ್ಪತ್ತರ ಮೇಲೆ ಇರುತ್ತದೆ. ಆ ಋಣವನ್ನು ತೀರಿಸದ ಒಗ್ಗಟ್ಟು ಅರ್ಧ ಒಗ್ಗಟ್ಟು ಮಾತ್ರ.

ಪ್ರಭು ಯೇಸುವಿನ ಲೆಕ್ಕ ಬೇರೆ. ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಹೋದ ಒಂದನ್ನು ಅರಸುವ ಕುರಿಗಾಹಿಯ ಸಾಮತಿಯನ್ನು ನಾವು ಎಳೆಯ ವಯಸ್ಸಿನಿಂದ ಕೇಳುತ್ತಾ ಬಂದಿದ್ದೇವೆ. ಯುದ್ಧತಂತ್ರಕ್ಕೆ ಅದು ಸರಿಹೊಂದದು; ಲೆಕ್ಕಪರಿಶೋಧಕರಿಗೂ ಒಪ್ಪಿಗೆಯಾಗದು. ಅದೇ ಪ್ರಭು ಕೂಲಿಯಾಳಿನ ಬಗ್ಗೆಯೂ ಹೇಳಿದ್ದಾರೆ: ತೋಳ ಬಂದಾಗ ಅವನು ಓಡಿಹೋಗುತ್ತಾನೆ, ಏಕೆಂದರೆ ಕುರಿಗಳು ಅವನವಲ್ಲ. ಕುರೊಸಾವ ಅವರ ಏಳು ಮಂದಿ ಅನ್ನದ ಕೂಲಿಗೆ ಬಂದವರು, ಆದರೂ ಓಡಿಹೋಗಲಿಲ್ಲ. ಉಕೊನ್ ಪ್ರಾಂತ್ಯವನ್ನು ಬಿಟ್ಟರು, ಪ್ರಭುವನ್ನು ಬಿಡಲಿಲ್ಲ. ಕ್ರೈಸ್ತರಲ್ಲದವರ ಕಥೆಯಲ್ಲಿಯೂ ಶುಭಸಂದೇಶದ ಬೆಳಕು ಬೀಳುವುದನ್ನು ಕಾಣಲು ದ್ವಿತೀಯ ವ್ಯಾಟಿಕನ್ ಮಹಾಸಭೆ ನಮಗೆ ಕಣ್ಣು ತೆರೆಸಿತು. ಸಿನಿಮಾ ಕಲೆಗೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ ಪ್ರಕಟಿಸಿದ ನಲವತ್ತೈದು ಮುಖ್ಯ ಚಿತ್ರಗಳ ಪಟ್ಟಿಯಲ್ಲಿ, ಮಾನವೀಯ ಮೌಲ್ಯಗಳ ವಿಭಾಗದಲ್ಲಿ, ಇದೇ ಕುರೊಸಾವ ಅವರ ‘ದೆರ್ಸು ಉಜಾಲಾ’ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ನಮ್ಮ ನಾಡಿನಲ್ಲಿ ಒಳ್ಳೆಯ ಚಿತ್ರವನ್ನು ಕೂಡಿ ನೋಡಿ, ಕೂಡಿ ಮಾತನಾಡುವ ಪರಂಪರೆ ಇದೆ. ಬೆಂಗಳೂರಿನ ಸುಚಿತ್ರ ಫಿಲಂ ಸೊಸೈಟಿ 1971ರಲ್ಲಿ ಆರಂಭವಾಯಿತು. 1973ರಲ್ಲಿ ಮಲೆನಾಡಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಸಂಸ್ಥೆ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ರೈತರ ಮುಂದೆ ತಂದಿತು. ಹಳ್ಳಿಯವರಿಗೆ ಇವೆಲ್ಲ ಅರ್ಥವಾಗುತ್ತವೆಯೇ ಎಂಬ ಸಂದೇಹವನ್ನು ಆ ರೈತರೇ ಸುಳ್ಳು ಮಾಡಿದರು. ನಮ್ಮ ಸಭಾಂಗಣದಲ್ಲಿ ಆ ಸಂದೇಹವನ್ನು ಸುಳ್ಳು ಮಾಡಿದವರು ಒಬ್ಬ ಗಣಿ ಕಾರ್ಮಿಕರು. ಅವರಿಗೆ ಅರ್ಥವಾದುದು ನನಗೆ ಆಗಿರಲಿಲ್ಲ.

ಪ್ರಿಯ ಓದುಗರೇ, ಇಂದು ಕುಟುಂಬದ ಪ್ರತಿಯೊಬ್ಬರ ಕೈಯಲ್ಲಿಯೂ ಒಂದೊಂದು ಪರದೆ ಇದೆ; ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಕುಳಿತು ನೋಡುತ್ತೇವೆ. ತಿಂಗಳಿಗೊಮ್ಮೆಯಾದರೂ ಮನೆಯವರೆಲ್ಲರೂ ಕೂಡಿ ಒಂದು ಒಳ್ಳೆಯ ಚಿತ್ರವನ್ನು ನೋಡಿ. ಮುಗಿದ ಮೇಲೆ ಅಜ್ಜನಿಗೂ ಮೊಮ್ಮಗಳಿಗೂ ಏನನ್ನಿಸಿತೆಂದು ಕೇಳಿ. ಒಬ್ಬನೇ ವೀರನು ಎಲ್ಲರನ್ನೂ ಉದ್ಧರಿಸುವ ಕಥೆಯನ್ನು ಮಕ್ಕಳು ನೋಡಿದಾಗ, ಆ ಗುಂಪಿನಲ್ಲಿ ನಿಂತಿರುವವರ ಹೆಸರೇನು ಎಂದು ಅವರನ್ನು ಕೇಳಿ.

ಮುಂದಿನ ಬಾರಿ ಬಂಗಾರಪೇಟೆಯಿಂದ ಆ ಪುಟ್ಟ ರೈಲಿನಲ್ಲಿ ಹೋಗುವಾಗ, ಕಿಟಕಿಯಾಚೆ ಬೂದುಬಣ್ಣದ ಸೈನೈಡ್ ದಿಬ್ಬಗಳು ಕಾಣುತ್ತವೆ. ಕುರೊಸಾವ ಅವರ ಚಿತ್ರದ ಕೊನೆಯಲ್ಲಿ ಸತ್ತ ಯೋಧರ ದಿಬ್ಬಗಳ ಮೇಲೆ ಒಂದೊಂದು ಕತ್ತಿಯನ್ನಾದರೂ ನೆಟ್ಟಿದ್ದಾರೆ. ನಮ್ಮ ದಿಬ್ಬಗಳ ಮೇಲೆ ಯಾವ ಗುರುತೂ ಇಲ್ಲ. ಅಗೆದವರ ಮಕ್ಕಳು ನಿಮ್ಮ ಪಕ್ಕದ ಆಸನದಲ್ಲಿಯೇ ನಿದ್ದೆಗಣ್ಣಿನಲ್ಲಿ ಕುಳಿತಿರಬಹುದು. ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಸುಟ್ಟ ಮೂರು ಮನೆಗಳನ್ನು ಕಟ್ಟುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.